ಮುತ್ತಣ್ಣ ತೆರೆದಿಟ್ಟ ಹೊಲಿಗೆ

ಕಿರಿಮಂಜೇಶ್ವರದ ಮುತ್ತ ಮೀನುಗಾರರ ಮನೆಯಲ್ಲಿ ಹುಟ್ಟಿಯೂ ಕಡಲಿಗೆ ಹೋದದ್ದು ಒಂದೇ ಸಲ. ಆಗ ಅವನಿಗೆ ಹದಿನಾಲ್ಕು ವರ್ಷ. ಆ ದಿನ ದೋಣಿಯಲ್ಲಿದ್ದವರಿಗೆ ಬಲೆ ಎಳೆಯುವುದಕ್ಕಿಂತ ವಾಂತಿ ಮಾಡುವ ಇವನ ತಲೆ ಹಿಡಿಯುವುದೇ ದೊಡ್ಡ ಕೆಲಸವಾಯಿತು. ದಡ ಸೇರಿದ ಮೇಲೆ ಅಪ್ಪ ಬೈಯಲಿಲ್ಲ. ಮರುದಿನ ಬೆಳಿಗ್ಗೆ ಅವನನ್ನು ಗಂಗೊಳ್ಳಿಗೆ ಕರೆದುಕೊಂಡು ಹೋಗಿ, ದೋಣಿ ಕಟ್ಟುತ್ತಿದ್ದ ಸೋದರಮಾವನ ಕೈಗೆ ಒಪ್ಪಿಸಿ, ಊಟಕ್ಕೂ ನಿಲ್ಲದೆ ವಾಪಸಾದ. ಕಡಲು ಒಗ್ಗದವನಿಗೆ ಕಡಲಿಗೆ ಹೋಗುವ ದೋಣಿಯಾದರೂ ಒಗ್ಗೀತು ಎಂದು ಅಪ್ಪನ ಲೆಕ್ಕಾಚಾರ.

ಒಗ್ಗಿತು. ಸೋದರಮಾವ ದೋಣಿ ಹೊಲಿಯುವುದರಲ್ಲಿ ಹೆಸರಾದವನು. ಹೊಲಿಯುವುದು ಎಂದರೆ ನಿಜವಾಗಿಯೂ ಹೊಲಿಯುವುದೇ. ಎರಡು ಹಲಗೆಗಳ ಅಂಚಿನುದ್ದಕ್ಕೂ ತೂತು ಕೊರೆದು, ನಡುವಿನ ಸಂದಿಗೆ ತೆಂಗಿನ ನಾರು ಒತ್ತಿ, ಅದರ ಮೇಲೆ ಹುರಿ ಹಾಯಿಸಿ ಬಿಗಿಯುವುದು. ಮೊಳೆ ಇಲ್ಲ, ಕಬ್ಬಿಣ ಇಲ್ಲ. ಮಾವ ಮಾತು ಕಡಿಮೆಯ ಮನುಷ್ಯ. ಬೇರೆ ಊರಿನ ಕಸುಬುದಾರ ಯಾರಾದರೂ ದೋಣಿ ಕಟ್ಟುವ ಕೊಟ್ಟಿಗೆಗೆ ಬಂದರೆ ಅವನ ಕೆಲಸದ ಗುಟ್ಟನ್ನು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಹೊಲಿಯುತ್ತಿದ್ದ ಜಾಗವನ್ನು ಹಾಗೆಯೇ ತೆರೆದುಬಿಟ್ಟು ಎಲೆಯಡಿಕೆಗೆಂದು ಎದ್ದು ಹೋಗುತ್ತಿದ್ದ. ಬಂದವನು ಅತ್ತಿತ್ತ ನೋಡಿ, ಕೈ ತುರಿಸಿ, ಒಂದು ಮೊಳದಷ್ಟು ತನ್ನ ಕ್ರಮದಲ್ಲಿ ಹೊಲಿದಿಡುತ್ತಿದ್ದ. ಮಾವ ವಾಪಸು ಬಂದು ಅದನ್ನು ಬೆರಳಿನಿಂದ ಸವರಿ ನೋಡುತ್ತಿದ್ದ. ಹತ್ತು ವರ್ಷ ಆ ಕೊಟ್ಟಿಗೆಯಲ್ಲಿದ್ದ ಮುತ್ತನಿಗೆ ಪ್ರಶ್ನೆ ಕೇಳುವ ರೀತಿ ಎಂದರೆ ಇದೇ ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಮಾವನಿಗೆ ಇಲ್ಲದ ಒಂದು ಚಾಳಿ ಮಾತ್ರ ಅವನಿಗಿತ್ತು. ಯಾವ ವಸ್ತುವಾದರೂ ಸರಿ, ಅದರ ಒಳಗೇನಿದೆ ಎಂದು ನೋಡದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಜಲಜ ಮದುವೆಯಾಗಿ ಬಂದ ವಾರದಲ್ಲೇ ಅವಳ ತವರಿನ ಗೋಡೆ ಗಡಿಯಾರ ಬಿಚ್ಚಿಕೊಂಡು ಚಾಪೆಯ ಮೇಲೆ ಮಲಗಿತ್ತು. ಅಂಚೆಯವನ ಸೈಕಲ್ ಬೀಗ, ನೆರೆಮನೆಯ ರೇಡಿಯೋ, ಒಮ್ಮೆ ಬೈಂದೂರಿಗೆ ಹೋಗುವ ಬಸ್ಸಿನ ಬಾಗಿಲ ಚಿಲಕ, ಯಾವುದನ್ನೂ ಅವನು ಬಿಟ್ಟಿರಲಿಲ್ಲ. ಮುಕ್ಕಾಲು ಪಾಲು ವಸ್ತುಗಳನ್ನು ಸರಿಯಾಗಿ ಜೋಡಿಸಿಯೂ ಕೊಡುತ್ತಿದ್ದ. ಉಳಿದ ಕಾಲು ಪಾಲಿನ ಬಗ್ಗೆ ಜಲಜಳ ಬಳಿ ಕೇಳಬೇಕು.

ಇಂಥವನ ಕಣ್ಣಿಗೆ ಆ ಫೋಟೋ ಬಿದ್ದದ್ದು ೧೯೯೯ರಲ್ಲಿ.

ಅದಕ್ಕೆ ಎರಡು ವರ್ಷ ಮೊದಲು ಜಪಾನಿನ ಒಬ್ಬ ಮೇಷ್ಟರು ನಮ್ಮ ಹೊಳೆಬಾಗಿಲಿನ ಏಡಿಗಳನ್ನು ಅಭ್ಯಾಸ ಮಾಡಲು ಕುಂದಾಪುರಕ್ಕೆ ಬಂದು, ನಿವೃತ್ತ ಹೆಡ್ಮಾಸ್ಟರ್ ಗೋವರ್ಧನ ಮಾಸ್ಟ್ರ ಮನೆಯಲ್ಲಿ ಹದಿನೈದು ದಿನ ಉಳಿದಿದ್ದರು. ಅವರ ಊರು ಕಿನೊಹಾಮ. ಅದೂ ಹೊಳೆ ಕಡಲಿಗೆ ಸೇರುವ ಜಾಗದ ಪುಟ್ಟ ಮೀನುಗಾರರ ಪಟ್ಟಣ. ಏಡಿ ಮೇಷ್ಟರು ಊರಿಗೆ ಹೋಗಿ ಏನು ಹೇಳಿದರೋ, ಅಲ್ಲಿನ ಪುರಸಭೆಯಿಂದ ಮುದ್ರೆ ಒತ್ತಿದ ಕಾಗದ ಬಂತು. ನಾವು ಸೋದರಿ ಪಟ್ಟಣಗಳಾಗೋಣವೇ ಎಂದು ಕೇಳಿದ್ದರು. ಬೇಡ ಎನ್ನಲು ಕುಂದಾಪುರದವರಿಗೇನು ಹುಚ್ಚೇ? ‘ಕುಂದಾಪುರ–ಕಿನೊಹಾಮ ಸ್ನೇಹ ಸಂಘ’ ಹುಟ್ಟಿತು. ಗೋವರ್ಧನ ಮಾಸ್ಟ್ರು ಅಧ್ಯಕ್ಷರು. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಸ್ನೇಹಲತಾ ಕಾರ್ಯದರ್ಶಿ, ಯಾಕೆಂದರೆ ಅವಳ ಇಂಗ್ಲಿಷು ಚೆನ್ನಾಗಿತ್ತು ಮತ್ತು ಆವತ್ತಿನ ಸಭೆಗೆ ಅವಳು ಐದು ನಿಮಿಷ ತಡವಾಗಿ ಬಂದಿದ್ದಳು.

ಸಂಘದ ಚಟುವಟಿಕೆ ಏನು ಎಂದು ಕೇಳಿದರೆ ಮಾಸ್ಟ್ರು ಬೆರಳು ಮಡಚಿ ಹೇಳುತ್ತಿದ್ದರು: ಶಾಲಾ ಮಕ್ಕಳ ಚಿತ್ರಗಳನ್ನು ಅಲ್ಲಿಗೆ ಕಳಿಸುವುದು, ಅಲ್ಲಿಯ ಮಕ್ಕಳ ಚಿತ್ರ ಇಲ್ಲಿ ಗೋಡೆಗೆ ಅಂಟಿಸುವುದು, ಹೊಸ ವರ್ಷಕ್ಕೆ ಶುಭಾಶಯ, ಕಾಗದ ಮಡಚಿ ಕೊಕ್ಕರೆ ಮಾಡುವ ತರಗತಿ. ತಿಂಗಳ ಎರಡನೇ ಭಾನುವಾರದ ಸಭೆಯನ್ನು ಅವರು ಹೇಳುತ್ತಿರಲಿಲ್ಲ. ಅಲ್ಲಿ ಗೋಳಿಬಜೆ ಮತ್ತು ಚಹಾದ ಜೊತೆ ಸಂಘದ ಲೆಟರ್‌ಹೆಡ್ಡಿನಲ್ಲಿ ಯಾವ ಊರಿನ ಹೆಸರು ಮೊದಲು ಬರಬೇಕು ಎಂಬ ಚರ್ಚೆ ಏಳು ತಿಂಗಳು ನಡೆಯಿತು.

ಮುತ್ತನಿಗೆ ಈ ಸಂಘದ ಗಂಧಗಾಳಿಯೂ ಇರಲಿಲ್ಲ. ಆ ದಿನ ಅವನು ಹೊಸ ಬೈರಿಗೆ ಕೊಳ್ಳಲು ಕುಂದಾಪುರಕ್ಕೆ ಬಂದಿದ್ದ. ಶಾಲೆಯೊಂದರ ಬಾಗಿಲಲ್ಲಿ ಸಂಘದ ಫೋಟೋ ಪ್ರದರ್ಶನದ ಬ್ಯಾನರ್ ಕಂಡಿತು. ಒಳಗೆ ಏನಿದೆ ಎಂದು ನೋಡದೆ ಮುಂದೆ ಹೋಗುವುದು ಅವನಿಂದಾಗದ ಮಾತು. ಹಿಮ, ಹೂವು, ಹಬ್ಬ ಎಲ್ಲ ದಾಟಿ ಹದಿನೇಳನೆಯ ಫೋಟೋದ ಮುಂದೆ ನಿಂತವನು ಅಲ್ಲಿಂದ ಕದಲಲಿಲ್ಲ. ಮರಳಿನ ಮೇಲೆ ಎಳೆದಿಟ್ಟ ಒಂದು ಮರದ ದೋಣಿ. ಅಷ್ಟೇ. ಒಂದೂವರೆ ಗಂಟೆ ಕಳೆದ ಮೇಲೆ ಗೋವರ್ಧನ ಮಾಸ್ಟ್ರಿಗೇ ಅನುಮಾನ ಬಂದು ಹತ್ತಿರ ಬಂದರು.

“ಹ್ವಾಯ್ ಮಾಸ್ಟ್ರೆ,” ಎಂದ ಮುತ್ತ, ಫೋಟೋದಿಂದ ಕಣ್ಣು ತೆಗೆಯದೆ. “ಈ ದೋಣಿಗೆ ಹೊಲಿಗಿ ಎಲ್ಲಿತ್ತ್?”

ಮಾಸ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. “ಹೊಲಿಗಿ ಇಲ್ಲೆ ಅಂದ್ ಕಾಣತ್ತ್ ಮಾರಾಯಾ.”

“ಹುರಿ ಇಲ್ಲೆ, ಮೊಳಿ ಕಾಣುದಿಲ್ಲೆ, ಹಲ್ಗಿ ನಡು ಡಾಂಬರ್ ಮೆತ್ತಿದ್ ಗುರ್ತೂ ಇಲ್ಲೆ. ಹಾಂಗಾರೆ ನೀರ್ ಒಳಗ್ ಬತ್ತಿಲ್ಯಾ?”

“ಎಂತದೋ ಅಂಟ್ ಇಪ್ಪುಕೂ ಸಾಕ್.”

“ಎಂತ ಅಂಟ್?”

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮಾಸ್ಟ್ರಿಗೆ ಗೊತ್ತಿಲ್ಲ ಎನ್ನುವ ಅಭ್ಯಾಸವೇ ತಪ್ಪಿಹೋಗಿತ್ತು. ಬರೆದು ಕೇಳೋಣ ಎಂದುಬಿಟ್ಟರು. ಮುತ್ತ ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡು ಮನೆಗೆ ಹೋದ. ಬೈರಿಗೆ ಕೊಳ್ಳುವುದು ಮರೆತೇಹೋಗಿತ್ತು.

ಸ್ನೇಹಲತಾ ಬರೆದಳು. ದೋಣಿಯ ಹಲಗೆಗಳ ನಡುವೆ ನೀರು ಬಾರದಂತೆ ನಿಮ್ಮವರು ಏನು ಮಾಡುತ್ತಾರೆ ಎಂದು ಒಪ್ಪವಾಗಿ ಕೇಳಿದಳು. ಮೂರು ತಿಂಗಳ ಮೇಲೆ ಹಿಮ ಬಿದ್ದ ಬೆಟ್ಟದ ಒಂದು ಶುಭಾಶಯ ಪತ್ರ ಬಂತು. ಮತ್ತೆ ಬರೆದಳು. ಜಪಾನೀ ಭಾಷೆಯಲ್ಲಿ ಕಿನೊಹಾಮದ ಚರಿತ್ರೆಯ ದಪ್ಪ ಪುಸ್ತಕ ಬಂತು. ಮೂರನೆಯ ಸಲ ಬಂದದ್ದು ಕ್ಯಾಲೆಂಡರು. ಅದನ್ನು ಮುತ್ತನಿಗೇ ಕೊಟ್ಟರು. ಜಲಜ ಅಡುಗೆಮನೆಯಲ್ಲಿ ನೇತುಹಾಕಿ, ಓದಲು ಬಾರದಿದ್ದರೂ ಹಾಲಿನವನು ಬಾರದ ದಿನಗಳಿಗೆ ಗುರುತು ಹಾಕುತ್ತಿದ್ದಳು.

“ನಿಮ್ದ್ ತಪ್ಪಲ್ಲ ಅಕ್ಕಾ,” ಎಂದು ಮುತ್ತನೇ ಸ್ನೇಹಲತಾಳನ್ನು ಸಮಾಧಾನಪಡಿಸಿದ. “ಕಾಗ್ದ ಹೋಪುದ್ ಆಫೀಸಿಗೆ. ಆಫೀಸಗ್ ಕೂಕಂಡರಿಗ್ ದೋಣಿ ವಿಷ್ಯ ಎಂತ ಗೊತ್ತಿತ್ತ್? ಇದ್ ದೋಣಿ ಕಟ್ಟುವರ್ ಹತ್ರ ಕೇಂಬುದ್.”

ಕೇಳುವುದು ಹೇಗೆ? ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಆ ಹೊತ್ತಿಗೆ ಕರಾವಳಿಯಲ್ಲಿ ಫೈಬರ್ ದೋಣಿಗಳು ಬಂದು ಮರದ ದೋಣಿ ಕಟ್ಟಿಸುವವರು ಕಡಿಮೆಯಾಗಿದ್ದರು. ವರ್ಷಕ್ಕೆ ಐದಾರು ಕಟ್ಟುತ್ತಿದ್ದವನಿಗೆ ಒಂದು ಸಿಕ್ಕಿದರೆ ಹೆಚ್ಚು. ಕೈಗೆ ಕೆಲಸವಿಲ್ಲದವನ ತಲೆಗೆ ಕೆಲಸ ಹೆಚ್ಚು. ಗಂಜಿ ಊಟಕ್ಕೆ ಕೂತರೂ ಎರಡು ಬಟ್ಟಲುಗಳ ಅಂಚು ಜೋಡಿಸಿ ನೋಡುತ್ತ ಕೂರುತ್ತಿದ್ದ.

“ಹ್ವಾಯ್, ಗಂಜಿ ತಣ್ದ್ ಹೋಯ್ತ್,” ಎಂದು ಜಲಜ ಕೂಗುತ್ತಿದ್ದಳು. “ಜಪಾನಿನ ದೋಣಿಗ್ ನೀರ್ ಹೊಕ್ರೆ ನಿಮ್ಗೆಂತ, ಬಿಟ್ರೆ ನಿಮ್ಗೆಂತ?”

“ಹೊಕ್ತಿಲ್ಲೆ ಹೆಣೇ ಜಲಜಾ. ಅದೇ ಮಂಡೆಬಿಸಿ!”

೨೦೦೨ರಲ್ಲಿ ದಾರಿ ತಾನಾಗಿ ತೆರೆಯಿತು. ಸಂಘದ ನಾಲ್ಕು ಜನ ಕಿನೊಹಾಮಕ್ಕೆ ಹೋಗುವುದೆಂದು ಗೊತ್ತಾಯಿತು. ಬರಿಗೈಯಲ್ಲಿ ಹೋಗುವುದು ಹೇಗೆ? ಯಕ್ಷಗಾನದ ಕಿರೀಟ ಎಂದರು ಕೆಲವರು, ಗಂಧದ ಗಣಪತಿ ಎಂದರು ಕೆಲವರು. ಮೂರು ಸಭೆ, ಐದು ತಟ್ಟೆ ಗೋಳಿಬಜೆ ಮುಗಿದ ಮೇಲೆ ಸ್ನೇಹಲತಾ, ನಮ್ಮ ಮುತ್ತಣ್ಣನ ಕೈಯಿಂದ ಒಂದು ಸಣ್ಣ ದೋಣಿ ಮಾಡಿಸಿದರಾಗದೇ ಎಂದಳು. ಎಲ್ಲರಿಗೂ ಹೊಟ್ಟೆ ತುಂಬಿದ್ದರಿಂದ ಒಪ್ಪಿಗೆಯಾಯಿತು.

ಮುತ್ತ ವಂಡ್ಸೆಯಿಂದ ಹೆಬ್ಬಲಸಿನ ಹಲಗೆ ಆರಿಸಿ ತಂದ. ನಾಲ್ಕು ಅಡಿಯ ದೋಣಿ, ಆದರೆ ಆಟದ ಸಾಮಾನಲ್ಲ. ದೊಡ್ಡ ದೋಣಿಯ ಒಂದು ಕೆಲಸವನ್ನೂ ಬಿಡದೆ ಕಟ್ಟಬೇಕು ಎಂದು ಹಟ ಹಿಡಿದ. ಜಲಜ ತೊಡೆಯ ಮೇಲೆ ನಾರು ಹೊಸೆದು ಸಪೂರದ ಹುರಿ ಮಾಡಿಕೊಟ್ಟಳು. ಎರಡು ತಿಂಗಳು ಮನೆಯ ಕೊಟ್ಟಿಗೆಯಲ್ಲಿ ಅವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಕೊನೆಗೆ ಎಲ್ಲ ದೋಣಿಗೂ ಬಳಿಯುವ ಹಾಗೆ ಬೈಗೆ ಮೀನಿನ ಎಣ್ಣೆ ಬಳಿದ. ಎಣ್ಣೆ ಬಳಿಯದೆ ದೋಣಿ ಕೊಡುವುದುಂಟೇ?

ಬೀಳ್ಕೊಡುವ ಸಮಾರಂಭಕ್ಕೆ ಎರಡು ದಿನ ಇರುವಾಗ ಗೋವರ್ಧನ ಮಾಸ್ಟ್ರು, ಸ್ನೇಹಲತಾ ಕಾರು ಮಾಡಿಕೊಂಡು ಬಂದರು. ಮಾಸ್ಟ್ರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ದೋಣಿಯನ್ನು ಸುತ್ತು ಹಾಕಿದರು. ಎಡಬದಿ ನೋಡಿ ಮುಖ ಅರಳಿತು. ಬಲಬದಿಗೆ ಬಂದವರು ನಿಂತುಬಿಟ್ಟರು. ಮೇಲಿನ ಎರಡು ಹಲಗೆಗಳ ನಡುವೆ ಒಂದು ಗೇಣಿನಷ್ಟು ಹೊಲಿಗೆ ಪೂರ್ತಿಯಾಗಿತ್ತು. ಮುಂದಿನ ಗೇಣಿನಲ್ಲಿ ಹುರಿ ಹಾಯಿಸಿತ್ತು, ಬಿಗಿದಿರಲಿಲ್ಲ. ಅದರಾಚೆ ಬರೀ ತೂತು ಮತ್ತು ನಾರು. ಕೊನೆಯ ಗೇಣು ಏನೂ ಇಲ್ಲ. ಎರಡು ಹಲಗೆ ಬಾಯಿ ಬಿಟ್ಟುಕೊಂಡು ನಿಂತಿದ್ದವು.

“ಇದೆಂತ ಮುತ್ತ? ಕೆಲ್ಸ ಅರ್ಧಕ್ ಬಿಟ್ಟಿದ್ಯಲೆ!”

“ಅರ್ಧ ಅಲ್ಲ ಮಾಸ್ಟ್ರೆ. ನಮ್ ಕ್ರಮ ಹೀಂಗೆ, ನಿಮ್ದ್ ಹ್ಯಾಂಗೆ ಅಂದೇಳಿ ಕೇಂಡದ್. ದೋಣಿ ಕಟ್ಟುವ ಯಾರಾರೂ ಕಂಡ್ರೆ ಸಾಕ್, ಗೊತ್ತಾತ್ತ್.”

ಮಾಸ್ಟ್ರಿಗೆ ಸಿಟ್ಟು ನೆತ್ತಿಗೇರಿತು. ಕುಂದಾಪುರದ ಮಾನ ಹೊತ್ತುಕೊಂಡು ಹೋಗುವುದು ತೂತು ದೋಣಿಯಲ್ಲೇ? ನಾಳೆಯೊಳಗೆ ಹೊಲಿದು ಮುಗಿಸು, ಇಲ್ಲದಿದ್ದರೆ ಗಣಪತಿಯೇ ಹೋಗಲಿ ಎಂದರು. ಮುತ್ತ ತಲೆ ತಗ್ಗಿಸಿ ನಿಂತ, ಆದರೆ ಹೊಲಿಯುತ್ತೇನೆ ಎನ್ನಲಿಲ್ಲ. ಹುಟ್ಟಿದಂದಿನಿಂದ ಯಾರ ಎದುರೂ ಹಾಗೆ ನಿಂತವನಲ್ಲ ಅವನು. ಈ ಒಂದು ಪ್ರಶ್ನೆ ಕಡಲು ದಾಟದಿದ್ದರೆ ಇನ್ನು ಯಾವತ್ತೂ ದಾಟುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಸ್ನೇಹಲತಾ ಬಗ್ಗಿ ಆ ನಾಲ್ಕು ಗೇಣುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. “ಮಾಸ್ಟ್ರೆ, ಮೂರ್ ಕಾಗ್ದ ಬರದದ್ದ್ ನಾನ್. ಒಂದಕ್ಕೂ ಉತ್ರ ಬರ್ಲಿಲ್ಲ. ಇದೊಂದ್ ಹೋಯ್ಲಿ.”

ಮಾಸ್ಟ್ರು ಕರವಸ್ತ್ರದೊಳಗಿಂದಲೇ ಒಪ್ಪಿದರು. “ಹಾಂಗಾರೆ ಆ ಬದಿ ಜನ್ರಿಗ್ ಕಾಂಬುಕಾಗ,” ಎಂದರು ಕೊನೆಗೆ. ಸಮಾರಂಭದ ದಿನ ದೋಣಿಯ ಎಡಬದಿ ಸಭೆಗೆ, ಬಲಬದಿ ಪರದೆಗೆ ಮುಖ ಮಾಡಿತ್ತು. ಮೀನೆಣ್ಣೆಯ ವಾಸನೆಗೆಂದು ಮಾಸ್ಟ್ರು ಎರಡು ಬಾಟಲಿ ಪನ್ನೀರು ಚಿಮುಕಿಸಿದ್ದರು. ಆಮೇಲೆ ಬಂದ ವಾಸನೆಗೆ ಹೆಸರಿಡಲು ಯಾರಿಂದಲೂ ಆಗಲಿಲ್ಲ.

ಹೋದವರು ತಿಂಗಳ ಮೇಲೆ ವಾಪಸಾಗಿ ಸಭೆಯಲ್ಲಿ ವರದಿ ಒಪ್ಪಿಸಿದರು. ಮುತ್ತ ಹಿಂದಿನ ಬೆಂಚಿನಲ್ಲಿ ಕೂತಿದ್ದ. ದೋಣಿಯನ್ನು ಕಿನೊಹಾಮದ ಪುರಭವನದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ, ಬೀಗವೂ ಇದೆ ಎಂದು ಮಾಸ್ಟ್ರು ಹೆಮ್ಮೆಯಿಂದ ಹೇಳಿದರು. ಮುತ್ತ ಎದ್ದು ನಿಂತ.

“ಯಾವ್ ಬದಿ ಗ್ವಾಡಿಗ್ ಇತ್ತ್ ಮಾಸ್ಟ್ರೆ?”

“ಹೆದ್ರಬೇಡ ಮಾರಾಯಾ. ಆ ಹರ್ಕ್ ಬದಿಯೇ ಗ್ವಾಡಿಗೆ. ನಾನೇ ನಿಂತ್ ಇಡಿಸಿದ್ದೆ.”

ಮುತ್ತನಿಗೆ ಅಳು ಬಂತು. ಐವತ್ತು ದಾಟಿದ ಗಂಡಸು ಗೋಳಿಬಜೆಯ ತಟ್ಟೆ ಹಿಡಿದುಕೊಂಡು ಅಷ್ಟು ಜನರ ನಡುವೆ ಅಳುವುದು ಹೇಗೆ? ತಟ್ಟೆ ಬೆಂಚಿನ ಮೇಲಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದ. ಮಾಸ್ಟ್ರ ಮೇಲೆ ಅವನಿಗೆ ಸಿಟ್ಟೂ ಬರಲಿಲ್ಲ. ಅವರು ಊರಿನ ಮಾನ ಕಾಪಾಡಿದ್ದರು. ಪ್ರಶ್ನೆ ಮಾತ್ರ ಗೋಡೆಗೆ ಮುಖ ಮಾಡಿ ನಿಂತಿತ್ತು, ಬೀಗದೊಳಗೆ.

ಆಮೇಲಿನ ಏಳು ವರ್ಷಗಳನ್ನು ಬೇಗ ಹೇಳಿಬಿಡಬಹುದು. ೨೦೦೪ರಲ್ಲಿ ಮುತ್ತ ಕೊಡೇರಿಯವರೊಬ್ಬರಿಗೆ ಕೊನೆಯ ಮರದ ದೋಣಿ ಕಟ್ಟಿಕೊಟ್ಟ. ಬಳಿಕ ಬಿರುಕು ಬಿಟ್ಟ ಫೈಬರ್ ದೋಣಿಗಳಿಗೆ ತೇಪೆ ಹಾಕುವ ಕೆಲಸಕ್ಕೆ ಹೋದ. ಅದರ ಪುಡಿ ಮೈಗೆ ತಾಗಿ ದಿನವಿಡೀ ತುರಿಕೆ. ಒಂದು ಕಣ್ಣಿಗೆ ಪೊರೆ ಬಂದು ಆಪರೇಶನ್ ಆಯಿತು. ಕೊಟ್ಟಿಗೆಯಲ್ಲಿ ಜಲಜ ಒಣಮೀನಿನ ಬುಟ್ಟಿ ಇಡತೊಡಗಿದಳು. ಸಂಘವೂ ಸೊರಗಿತು. ಚಿತ್ರ ಬಿಡಿಸುತ್ತಿದ್ದ ಮಕ್ಕಳು ಕಾಲೇಜಿಗೆ ಹೋದರು, ಎರಡನೇ ಭಾನುವಾರಕ್ಕೆ ಬರುವವರು ಆರೇಳು ಜನ, ಅದರಲ್ಲೂ ಇಬ್ಬರು ಗೋಳಿಬಜೆಗಾಗಿಯೇ ಬರುವವರು. ಮುತ್ತ ಹೋಗುತ್ತಿರಲಿಲ್ಲ. ಆದರೆ ಪೇಟೆಗೆ ಬಂದಾಗಲೆಲ್ಲ ಬ್ಯಾಂಕಿನ ಬಾಗಿಲಲ್ಲಿ ಇಣುಕಿ ಸ್ನೇಹಲತಾಳ ಮುಖ ನೋಡುತ್ತಿದ್ದ. ಅವಳು ಇಲ್ಲ ಎಂದು ತಲೆಯಾಡಿಸುತ್ತಿದ್ದಳು.

೨೦೦೯ರ ಕೊನೆಗೆ ಕಿನೊಹಾಮದಿಂದ ಮುದ್ರೆಯ ಕಾಗದ ಬಂತು. ಅವರ ಪುಟ್ಟ ಪಟ್ಟಣವನ್ನು ಪಕ್ಕದ ದೊಡ್ಡ ನಗರಕ್ಕೆ ಸೇರಿಸಿಬಿಟ್ಟಿದ್ದರು. ಪುರಸಭೆ ಇಲ್ಲ, ಪುರಭವನವೂ ಖಾಲಿಯಾಗಿದೆ, ಸೋದರಿ ಸಂಬಂಧವನ್ನು ಮರ್ಯಾದೆಯಿಂದ ಮುಗಿಸಲು ಫೆಬ್ರವರಿಯಲ್ಲಿ ಮೂವರು ಬರುತ್ತೇವೆ ಎಂದಿತ್ತು. ಕೊನೆಗೆ ಕೈಬರಹದಲ್ಲಿ ಎರಡು ಸಾಲು ಇಂಗ್ಲಿಷು. ದೋಣಿ ಕಟ್ಟಿದವರು ಇನ್ನೂ ಇದ್ದಾರೆಯೇ? ಇದ್ದರೆ ದಯವಿಟ್ಟು ಅವರನ್ನು ಕರೆಸಿ.

ಸ್ನೇಹಲತಾ ಮಧ್ಯಾಹ್ನದ ಊಟ ಬಿಟ್ಟು ಬಸ್ಸು ಹತ್ತಿ ಕಿರಿಮಂಜೇಶ್ವರಕ್ಕೆ ಬಂದು ಆ ಎರಡು ಸಾಲನ್ನು ಓದಿ ಹೇಳಿದಳು. “ಮುತ್ತಣ್ಣ, ಯಾರೋ ಆ ಬದಿ ಕಂಡಿದ್ರ್.”

ಸಮಾರೋಪ ಸಭೆಗೆ ಬಂದ ಮೂವರಲ್ಲಿ ಇಬ್ಬರು ಕೋಟು ತೊಟ್ಟ ವಯಸ್ಸಾದ ಅಧಿಕಾರಿಗಳು. ಮೂರನೆಯವಳು ತೊಮಿಯೆ ಎಂಬ ಅರವತ್ತರ ಹೆಂಗಸು. ಅವಳ ಕೈಯಲ್ಲಿ ಒಂದು ಮರದ ಪೆಟ್ಟಿಗೆಯಿತ್ತು. ಅವಳು ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸ್ನೇಹಲತಾ ಮುತ್ತನಿಗೆ ಹೇಳಿದಳು. ತೊಮಿಯೆಯ ತಂದೆಗೆ ಎಂಬತ್ತಾರು ವರ್ಷ, ಅವರ ಊರಿನಲ್ಲಿ ಮರದ ದೋಣಿ ಕಟ್ಟುವವರಲ್ಲಿ ಕೊನೆಯವರು. ಪುರಭವನ ಖಾಲಿ ಮಾಡುವಾಗ ಗಾಜಿನ ಪೆಟ್ಟಿಗೆಯಿಂದ ದೋಣಿಯನ್ನು ಹೊರಗೆ ತೆಗೆದು ಕಟ್ಟಿಡಲು ಅವರನ್ನು ಕರೆಸಿದ್ದರು. ಏಳು ವರ್ಷದಲ್ಲಿ ಮೊದಲ ಸಲ ಅದರ ಬಲಬದಿ ಬೆಳಕಿಗೆ ತಿರುಗಿತ್ತು. ಮುದುಕರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರಂತೆ. “ಈ ಮನುಷ್ಯ ನನ್ನನ್ನು ಏನೋ ಕೇಳುತ್ತಿದ್ದಾನೆ, ಇಷ್ಟು ವರ್ಷ ಕಾಯಿಸಿದೆವು,” ಎಂದರಂತೆ.

ಸ್ನೇಹಲತಾ ಇದನ್ನು ಹೇಳಿ ಮುಗಿಸುವಾಗ ಗೋವರ್ಧನ ಮಾಸ್ಟ್ರು ಕಿಟಕಿಯ ಕಡೆ ನೋಡುತ್ತಿದ್ದರು.

ಪೆಟ್ಟಿಗೆಯಲ್ಲಿ ಮುದುಕರು ಮಾಡಿ ಕಳಿಸಿದ ಎರಡು ಮರದ ತುಂಡು. ದೊಡ್ಡದರಲ್ಲಿ ತೋಳುದ್ದದ ಎರಡು ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿತ್ತು, ಅರ್ಧದವರೆಗೆ ಅವರ ಕ್ರಮದಲ್ಲಿ, ಇನ್ನರ್ಧ ಮುತ್ತನ ಕ್ರಮದಲ್ಲಿ ಹುರಿ ಹೊಲಿದು. ಇನ್ನೊಂದು ಗೇಣುದ್ದದ ಬಿಡಿ ಹಲಗೆ. ಸಭೆಯಲ್ಲಿ ದೊಡ್ಡದನ್ನು ಕೈಯಿಂದ ಕೈಗೆ ದಾಟಿಸಿದರು. ಯಾರೋ ಕಿಟಕಿಗೆ ಹಿಡಿದು ನೋಡಿದಾಗ ಅವರ ಕ್ರಮದ ಸಂದಿಯಲ್ಲೂ ಕೂದಲೆಳೆಯಷ್ಟು ಬೆಳಕು ಕಂಡಿತು. ವಿಮಾನದಲ್ಲಿ ಬಿರುಕು ಬಿಟ್ಟಿದೆ ಪಾಪ ಎಂದು ಪಿಸುಮಾತು ಹಬ್ಬಿತು. ಅಷ್ಟು ದೂರ ಹೊತ್ತು ತಂದವರಿಗೆ ಬೇಸರವಾಗಬಾರದೆಂದು ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಸಂಘವನ್ನು ವಿಸರ್ಜಿಸುವ ಠರಾವಿಗೆ ಸಹಿಯಾಯಿತು. ಅತಿಥಿಗಳು ನಾಳೆ ಹನ್ನೊಂದರ ರೈಲಿಗೆ ಹೊರಡುವವರು. ಆಮೇಲೆ ಬರೆಯುವುದಕ್ಕೆ ಅಲ್ಲಿ ಆಫೀಸೂ ಇಲ್ಲ, ಇಲ್ಲಿ ಸಂಘವೂ ಇಲ್ಲ. ಮುತ್ತನಿಗೆ ಇದ್ದದ್ದು ಒಂದೇ ಸಂಜೆ.

ಪೆಟ್ಟಿಗೆಯನ್ನು ಮನೆಗೆ ತಂದು ಅಂಗಳದಲ್ಲಿ ಕೂತು ಅವನು ಎರಡು ತುಂಡನ್ನೂ ಹೆಬ್ಬೆರಳಿನಿಂದ ಸವರಿದ. ಮೊಳೆಗಳು ಸಿಕ್ಕಿದವು, ಹಲಗೆಯ ದಪ್ಪದೊಳಗೆ ಓರೆಯಾಗಿ ಹೊಡೆದು, ಮೇಲೆ ಮರದ ಚೂರು ಮುಚ್ಚಿದ್ದರು. ಅದು ಬರೀ ಹಿಡಿದುಕೊಳ್ಳುವ ಕೆಲಸ. ನೀರು ತಡೆಯುವುದು ಯಾವುದು? ಬಿಡಿ ಹಲಗೆಯ ಅಂಚಿನಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಅಂಚಿನ ಅರ್ಧ ಕನ್ನಡಿಯಷ್ಟು ನುಣುಪು. ಇನ್ನರ್ಧದ ಉದ್ದಕ್ಕೂ ಸುತ್ತಿಗೆಯಿಂದ ಕುಟ್ಟಿದ ಸಣ್ಣ ಸಣ್ಣ ತಗ್ಗು. ಅಷ್ಟು ಚಂದ ಉಜ್ಜಿದ ಅಂಚನ್ನು ಯಾವನಾದರೂ ಬುದ್ಧಿಯಿದ್ದವನು ಕುಟ್ಟಿ ಹಾಳುಮಾಡುತ್ತಾನೆಯೇ? ಜೋಡಿಸಿದ ಹಲಗೆಯ ಮೇಲೆ ಚೊಂಬಿನಿಂದ ನೀರು ಹೊಯ್ದ. ಸಂದಿಯಲ್ಲಿ ತೊಟತೊಟ ಸೋರಿತು.

“ಒಡ್ದೇ ಹೋಯ್ತ್ ಕಾಣತ್ತ್,” ಎಂದ, ದನಿ ಸೋತು.

ಮೀನು ಕೊಯ್ಯುತ್ತಿದ್ದ ಜಲಜ ಕತ್ತು ಎತ್ತಿದಳು. “ಒಣಗಿದ್ ಮರದ್ ಮರ್ಗಿಗೆ ನೀರ್ ಹೊಯ್ದ್ರೆ ಸೋರ್ದೇ ಇರತ್ತಾ? ನಮ್ಮ್ ಅಬ್ಬೆ ಮನಿಯಗ್ ಮರ್ಗಿ ತೆಗುಕ್ ಮುಂಚೆ ಒಂದ್ ರಾತ್ರಿ ನೆನ್ಸಿ ಇಡ್ತಿದ್ರ್. ತನ್ನಿ ಇಲ್ಲ್.” ಕೈ ತೊಳೆದು ಬಂದು, ಗಂಡನ ಕೈಯಿಂದ ಹಲಗೆ ಕಿತ್ತುಕೊಂಡು ಬಟ್ಟೆ ನೆನೆಸುವ ತೊಟ್ಟಿಯೊಳಗೆ ಮುಳುಗಿಸಿದಳು.

ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಮುತ್ತ ತೊಟ್ಟಿಯ ಬಳಿ ಇದ್ದ. ಹಲಗೆ ತೆಗೆದು ಮೂಡಣದ ಕೆಂಪಿಗೆ ಹಿಡಿದ. ಅವರ ಕ್ರಮದ ಸಂದಿಯಲ್ಲಿ ಬೆಳಕಿಲ್ಲ. ಚೊಂಬು ಚೊಂಬು ನೀರು ಹೊಯ್ದರೂ ಒಂದು ಹನಿ ಸೋರಲಿಲ್ಲ. ಬಿಡಿ ಹಲಗೆ ಹಿಡಿದುಕೊಂಡು ಅಡುಗೆಮನೆಗೆ ಓಡಿ, ಗಂಜಿಗೆ ಇಟ್ಟಿದ್ದ ಬಿಸಿನೀರನ್ನು ಸೌಟಿನಿಂದ ಆ ಕುಟ್ಟಿದ ತಗ್ಗುಗಳ ಮೇಲೆ ಹೊಯ್ದ. ನೋಡುತ್ತಿದ್ದ ಹಾಗೆ ತಗ್ಗುಗಳು ಒಂದೊಂದಾಗಿ ಮೇಲೆದ್ದವು. ಅಂಚು ಸಮವಾಯಿತು.

“ಜಲಜಾ! ಹೆಣೇ! ಕಾಣ್ ಇಲ್ಲ್! ಅವ್ರ್ ಸಂದಿಗ್ ಎಂತದೂ ತುಂಬ್ಸುದಿಲ್ಲೆ. ಮರವನ್ನೇ ಕುಟ್ಟಿ ಕುಗ್ಸಿ ಜೋಡ್ಸುದ್. ಆಮೇಲ್ ನೀರ್ ಕುಡ್ದ್ ಅದೇ ಉಬ್ಬಿ ಮುಚ್ಕಂಬುದ್! ನೀರ್ ಒಳಗ್ ಬಪ್ಪುಕ್ ಬಿಡ್ದೇ ಇಪ್ಪುದ್ ನೀರೇ!”

“ನಾನ್ ನಿನ್ನೆಯೇ ಹೇಳ್ಲಿಲ್ಯಾ?” ಎಂದಳು ಜಲಜ, ಗಂಜಿಗೆ ಬೇರೆ ನೀರು ಇಡುತ್ತ. ಅವನ ಮುಖ ನೋಡಿ ಅವಳಿಗೂ ನಗು ಬಂತು. ಹನ್ನೊಂದು ವರ್ಷದಲ್ಲಿ ಅವನು ಹಾಗೆ ಕುಣಿದದ್ದನ್ನು ಅವಳು ಕಂಡಿರಲಿಲ್ಲ.

ಕುಣಿತ ನಿಂತದ್ದು ಹಲಗೆಯ ಇನ್ನರ್ಧ ಕಣ್ಣಿಗೆ ಬಿದ್ದಾಗ. ಮುದುಕರು ಹೊಲಿದ ಹುರಿ ತೂತುಗಳಲ್ಲಿ ಸರಿಯಾಗಿಯೇ ಹಾದಿತ್ತು, ಆದರೆ ಜಾಳಾಗಿ ಜೋತುಬಿದ್ದಿತ್ತು. ಮತ್ತೆ ಮತ್ತೆ ಬಿಗಿದು ಸೋತ ಗುರುತು ತೂತುಗಳ ಬಾಯಲ್ಲಿತ್ತು. ಮುತ್ತನಿಗೆ ಆಗ ಹೊಳೆಯಿತು. ಹುರಿ ಬಿಗಿದ ಮೇಲೆ ನಮ್ಮ ಕಡೆ ಪ್ರತಿ ತೂತಿಗೂ ಒಂದು ಸಣ್ಣ ಬಿದಿರಿನ ಬೆಣೆ ಹೊಡೆದು, ಹೊರಗೆ ಕಾಣದಂತೆ ತಲೆ ಕತ್ತರಿಸಿಬಿಡುತ್ತಾರೆ. ಹುರಿ ಸಡಿಲವಾಗದಂತೆ ಹಿಡಿಯುವುದು ಅದೇ. ಅವನು ಎಲ್ಲವನ್ನೂ ತೆರೆದಿಟ್ಟಿದ್ದ, ಬೆಣೆಯೊಂದನ್ನು ಬಿಟ್ಟು. ಉಸಿರಾಡುವಷ್ಟು ರೂಢಿಯಾದ ಕೆಲಸ, ತೋರಿಸಬೇಕೆಂದೇ ಅನ್ನಿಸಿರಲಿಲ್ಲ. ಕಡಲಾಚೆಯ ಮುದುಕರು ತಮ್ಮ ಸೋಲನ್ನು ತೆರೆದಿಟ್ಟು, ಇದು ನಿಲ್ಲುವುದು ಹೇಗೆ ಎಂದು ಅವನನ್ನೇ ಕೇಳುತ್ತಿದ್ದರು.

ಗಂಜಿ ಕುಡಿಯದೆ ಹೊರಟ. ಬಸ್ಸಿನಲ್ಲಿ ಕೂತೇ ಚೂರಿಯಿಂದ ಬಿದಿರಿನ ಬೆಣೆ ಕೆತ್ತಿದ. ಚೂರು ಬಿದ್ದುದಕ್ಕೆ ಕಂಡಕ್ಟರ್ ಬೈದ. ಮರವಂತೆ ದಾಟುವಾಗ ಹದಿಮೂರು ಬೆಣೆಯಾಗಿತ್ತು, ಹದಿಮೂರು ತೂತಿಗೆ. ಕುಂದಾಪುರ ಸ್ಟೇಷನ್ ತಲುಪುವಾಗ ಹತ್ತೂವರೆ. ಪ್ಲಾಟ್‌ಫಾರ್ಮಿನಲ್ಲಿ ಮಾಸ್ಟ್ರು, ಸ್ನೇಹಲತಾ ಅತಿಥಿಗಳ ಜೊತೆ ನಿಂತಿದ್ದರು. ಮುತ್ತ ಸಿಮೆಂಟಿನ ಬೆಂಚಿನ ಮೇಲೆ ಒದ್ದೆ ಹಲಗೆ ಇಟ್ಟು, ಮೊದಲು ಅವರ ಕ್ರಮದ ಸಂದಿಯ ಮೇಲೆ ಬಾಟಲಿಯ ನೀರು ಹೊಯ್ದು ತೋರಿಸಿದ. ಒಂದು ಹನಿಯೂ ಕೆಳಗೆ ಬೀಳದ್ದನ್ನು ನೋಡಿ ತೊಮಿಯೆ ಎರಡೂ ಕೈ ಬಾಯಿಗೆ ಒತ್ತಿಕೊಂಡಳು. ಉತ್ತರ ತಲುಪಿತ್ತು.

ಆಮೇಲೆ ಅವನು ನೆಲದ ಮೇಲೆ ಕೂತು ಹುರಿಯನ್ನು ಕಾಲಿನಿಂದ ಎಳೆದು ಹಿಡಿದು, ಮೊದಲ ಬೆಣೆ ಹೊಡೆದ. ತೊಮಿಯೆ ಚೀಲದಿಂದ ಪುಟ್ಟ ಕ್ಯಾಮೆರಾ ತೆಗೆದು ಅವನ ಕೈಯ ಹತ್ತಿರ ಬಗ್ಗಿದಳು. ಎರಡು, ಮೂರು. ಅವಳು ಬೆರಳು ತೂರಿಸಿ ಹುರಿ ಎಳೆದು ನೋಡಿದಳು. ಅಲುಗಲಿಲ್ಲ. ಅವಳು ಗಟ್ಟಿಯಾಗಿ ನಕ್ಕಳು. ಕೋಟಿನ ಅಧಿಕಾರಿಗಳೂ ಬಗ್ಗಿದರು, ರೈಲಿಗೆ ಕಾಯುತ್ತಿದ್ದ ಜನವೂ ಸೇರಿತು. ರೈಲು ಬರುವ ಹೊತ್ತಿಗೆ ಹನ್ನೆರಡು ಬೆಣೆ ಮುಗಿದಿತ್ತು. ಹದಿಮೂರನೆಯದನ್ನು ಹೊಡೆಯದೆ, ಹುರಿಯ ತುದಿಗೆ ಕಟ್ಟಿ ಅವಳಿಗೆ ತೋರಿಸಿದ.

ಗೋವರ್ಧನ ಮಾಸ್ಟ್ರಿಗೆ ತಡೆಯಲಾಗಲಿಲ್ಲ. “ಇದನ್ನೂ ಅರ್ಧಕ್ ಬಿಟ್ಯಾ ಮಾರಾಯಾ?”

“ಹೌದ್ ಮಾಸ್ಟ್ರೆ,” ಎಂದ ಮುತ್ತ, ಲುಂಗಿಯ ಮಣ್ಣು ಕೊಡಹುತ್ತ. “ಅಜ್ಜ ಕಾಯ್ತಾ ಇರ್ತ್ರ್. ಅವ್ರ್ ಕೈಗೂ ಒಂದ್ ಬೇಕಲ್ದಾ?”

ಮಾಸ್ಟ್ರು ಈ ಸಲ ಹಲಗೆಯನ್ನು ತಾವೇ ಎತ್ತಿ, ಹೊಲಿಗೆಯ ಬದಿ ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು, ತೊಮಿಯೆಯ ಹಿಂದೆ ಡಬ್ಬಿ ಹತ್ತಿ ಅವಳ ಸೀಟಿನ ಮೇಲಿಟ್ಟು ಬಂದರು.